ಮಾರ್ಸೇಲ್ಸಿಗೆ ಹೋಗಿ ಗಂಡನನ್ನು ಕರೆತಂದದ್ದು

ನನ್ನನ್ನು ಫ್ರಾನ್ಸಿಗೆ ಕಳಿಸಬೇಕೆಂಬ ತೀರ್ಮಾನ ಆದದ್ದು ಪುಣೆಯ ನಮ್ಮ ಮನೆಯ ನಡುಮನೆಯಲ್ಲಿ, ನನ್ನನ್ನು ಬಿಟ್ಟು. ನಾನು ಆಗ ಹಿತ್ತಲಿನಲ್ಲಿ ಕೂತು ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಒಳಗೆ ಮೂವರು ಸೇರಿದ್ದರು: ನನ್ನ ಗಂಡನ ಕಾಕಾ, ಮನೆಯ ಪುರೋಹಿತರು, ನನ್ನ ಅತ್ತೆ. ತಾಸು ಹೊತ್ತಿನ ಮೇಲೆ ಕಾಕಾ ಹೊರಗೆ ಬಂದು, "ಮುಂದಿನ ತಿಂಗಳ ಬೋಟಿಗೆ ನೀನೂ ಮಕ್ಕಳೂ ಹೊಂಡ್ರಿ. ಮಾರ್ಸೇಲ್ಸಿಗೆ ಹೋಗಿ ಅವನ್ನ ಕರಕೊಂಡು ಬರ್ರಿ" ಎಂದರು. ಕಾಯಿಪಲ್ಯದ ಮಂಡೈಗೆ ಹೋಗಿ ಕೊತ್ತಂಬರಿ ತಾ ಎಂದು ಹೇಳುವಾಗಲೂ ಅವರ ದನಿ ಹಾಗೆಯೇ ಇರುತ್ತಿತ್ತು.

ನಾವು ಧಾರವಾಡದ ಕಡೆಯವರು. ಶೇಂಗಾ ವ್ಯಾಪಾರಕ್ಕೆಂದು ಪುಣೆಗೆ ಬಂದು ರವಿವಾರ ಪೇಠೆಯಲ್ಲಿ ಅಂಗಡಿ ಹಾಕಿದವರ ಮನೆಗೆ ನಾನು ಸೊಸೆಯಾಗಿ ಬಂದೆ. ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ ಆಡುವ ಮಂದಿ. ನನ್ನ ಗಂಡ ಎರಡು ವರ್ಷದ ಕೂಸಾಗಿದ್ದಾಗಲೇ ಮಾವನವರು ತೀರಿಕೊಂಡಿದ್ದರು. ಅಂದಿನಿಂದ ಅಂಗಡಿಯನ್ನೂ ಮನೆಯನ್ನೂ ನಮ್ಮೆಲ್ಲರ ಬುದ್ಧಿಯನ್ನೂ ನಡೆಸಿಕೊಂಡು ಬಂದವರು ಮಾವನವರ ತಮ್ಮ, ಈ ಕಾಕಾ.

ಕಾಕಾ ಅವರಿಗೆ ಸ್ವದೇಶಿಯ ಹುರುಪು ಬಹಳ. ವಿಲಾಯತಿ ಸಾಬೂನಿನಲ್ಲಿ ದನದ ಕೊಬ್ಬು ಇರುತ್ತದೆ, ಅದನ್ನು ಮೈಗೆ ಹಚ್ಚಿಕೊಳ್ಳುವುದಕ್ಕಿಂತ ಹೊಲಸಾಗಿ ಇರುವುದೇ ಮೇಲು ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು. ಬೇಸಿಗೆಯಲ್ಲಿ ಅವರ ಪಕ್ಕ ಕೂತವರಿಗೆ ಇವರು ನುಡಿದಂತೆ ನಡೆಯುವವರೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಜರ್ಮನರ ಲಡಾಯಿ ಮುಗಿದ ಮೇಲೆ ಯಾವನೋ ದಲ್ಲಾಳಿ ಅವರ ಕಿವಿಯಲ್ಲಿ ಒಂದು ಮಾತು ಹಾಕಿದ. ನಮ್ಮ ಶೇಂಗಾ ಹಡಗುಗಟ್ಟಲೆ ಮಾರ್ಸೇಲ್ಸ್ ಎಂಬ ಊರಿಗೆ ಹೋಗುತ್ತದೆ, ಅಲ್ಲಿನವರು ಕೊಬ್ಬು ಮುಟ್ಟದೆ ಬರೀ ಎಣ್ಣೆಯಿಂದ ಸಾಬೂನು ಕುದಿಸುತ್ತಾರೆ ಎಂದು. ಮರುದಿನದಿಂದಲೇ ಕಾಕಾ, "ನಮ್ಮ ಶೇಂಗಾ, ನಮ್ಮ ಸಾಬೂನು" ಎನ್ನತೊಡಗಿದರು. ಆ ವಿದ್ಯೆ ಕಲಿತು ಬರಲು ಅಣ್ಣನ ಮಗನನ್ನು ಒಂದು ವರ್ಷಕ್ಕೆಂದು ಕಳಿಸಿದರು. ಮುಂದೆ ಆ ಸಾಬೂನು ತಯಾರೂ ಆಯಿತು. ನೊರೆ ಬರಲಿಲ್ಲ ಅಷ್ಟೇ.

ಪವಿತ್ರವಾದ ಸಾಬೂನಿಗಾಗಿ ಸಮುದ್ರ ದಾಟಿ ಅಪವಿತ್ರವಾಗುವುದು ಹೇಗೆ ಎಂದು ಆಗ ಒಂದು ಚರ್ಚೆ ನಡೆದಿತ್ತು. ಪುರೋಹಿತರು ಎರಡು ದಿನ ಪೋಥಿ ತಿರುವಿ ದಾರಿ ತೋರಿಸಿದರು. ಹೋಗಲಿ, ಬಂದ ಮೇಲೆ ಪ್ರಾಯಶ್ಚಿತ್ತ ಮಾಡಿಸಿದರಾಯಿತು. ನದಿಯ ದಂಡೆಯಲ್ಲಿ ಎಲ್ಲರ ಎದುರಿಗೆ ಕ್ಷೌರ, ಜುಟ್ಟು ಒಂದನ್ನು ಬಿಟ್ಟು. ಆಮೇಲೆ ಸ್ನಾನ, ಪಂಚಗವ್ಯ, ಬ್ರಾಹ್ಮಣರ ಊಟ. ಈಗ ನನ್ನನ್ನೂ ಮಕ್ಕಳನ್ನೂ ಕಳಿಸುವ ಮಾತು ಬಂದಾಗ ಅವರು ಇನ್ನೂ ಉದಾರವಾದರು. ಒಂದೇ ಪ್ರಾಯಶ್ಚಿತ್ತದಲ್ಲಿ ಇಡೀ ಸಂಸಾರ ಶುದ್ಧವಾಗುತ್ತದೆ, ಹೆಂಗಸಿಗೆ ಎರಡು ಅಂಗುಲ ಕೂದಲ ತುದಿ ಕತ್ತರಿಸಿದರೆ ಸಾಕು ಎಂದರು. ಇಷ್ಟು ಸಸಾರವಾಗಿ ನಾಲ್ಕು ಜೀವ ಶುದ್ಧವಾಗುವಾಗ ಬೇಡ ಎನ್ನುವವರು ಯಾರು?

ಒಂದು ವರ್ಷಕ್ಕೆಂದು ಹೋದವರು ಮೂರು ವರ್ಷವಾದರೂ ಬಂದಿರಲಿಲ್ಲ. ಕಾಗದ ಮಾತ್ರ ತಪ್ಪದೆ ಬರುತ್ತಿತ್ತು. ಪ್ರತಿ ಕಾಗದದಲ್ಲೂ ಕೊನೆಗೆ ಒಂದೇ ಮಾತು: ಇನ್ನು ಮೂರು ತಿಂಗಳಲ್ಲಿ ಹೊರಡುತ್ತೇನೆ. ಮೊದಲು ಕುದಿಸುವುದು ಕಲಿಯಬೇಕಾಗಿತ್ತು, ಆಮೇಲೆ ಬಣ್ಣ, ಆಮೇಲೆ ವಾಸನೆ, ಆಮೇಲೆ ಅಚ್ಚು ಒತ್ತುವ ಯಂತ್ರ. ಓಣಿಯ ಹೆಂಗಸರು ಇದನ್ನೆಲ್ಲ ಕೇಳಿ ನನ್ನ ಮುಖ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಒಬ್ಬಾಕೆ ನೇರವಾಗಿ, "ಸಾಬೂನ ಅಲ್ಲವಾ ಅದು, ಬಿಳೀ ಹೆಂಗಸು" ಎಂದೇ ಅಂದಳು. ಕಾಕಾ ಅವರಿಗೂ ಅದೇ ಗುಮಾನಿ. ಮಕ್ಕಳನ್ನು ಎದುರಿಗೆ ನಿಲ್ಲಿಸಿದರೆ ಎಂಥ ಗಂಡಸೂ ಕರಗುತ್ತಾನೆ ಎಂದು ಅವರ ಲೆಕ್ಕಾಚಾರ. ಮಗಳಿಗೆ ಏಳು ವರ್ಷ. ಮಗನಿಗೆ ನಾಲ್ಕು, ಅಪ್ಪ ಹೋದಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ.

ಆದರೆ ಅವಸರಕ್ಕೆ ಕಾರಣ ಬಿಳಿಯ ಹೆಂಗಸಲ್ಲ, ಅತ್ತೆಯ ಕಣ್ಣು. ಒಂದು ವರ್ಷದಿಂದ ಅವರಿಗೆ ದೃಷ್ಟಿ ಮಂಜಾಗುತ್ತ ಬಂದಿತ್ತು. ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, "ಮೋತಿಬಿಂದು ಆಗಿದ್ದರ ಪೊರಿ ತೆಗೀಬಹುದಿತ್ತು. ಇದು ನರಾನೇ ಒಣಗಲಿಕ್ಕತ್ಯಾವ. ಇವತ್ತು ಕಾಣೂದು ಇನ್ನು ಆರು ತಿಂಗಳಿಗೆ ಕಾಣಲಿಕ್ಕಿಲ್ಲ" ಎಂದುಬಿಟ್ಟಿದ್ದರು. ಅತ್ತೆ ಅಳಲಿಲ್ಲ. ನಾನು ಹೋಗುವುದೆಂದು ತೀರ್ಮಾನವಾದ ದಿನ ಸಂಜೆ ನನ್ನನ್ನು ತುಳಸಿಕಟ್ಟೆಯ ಹತ್ತಿರ ಕರೆದುಕೊಂಡು ಹೋದರು.

"ಈ ಸುದ್ದಿ ಅವಗ ಬರೀಬ್ಯಾಡ್ರಿ. ನೀ ಹೋದಾಗೂ ಹೇಳಬ್ಯಾಡ. ಗಾಬರಿ ಆಗಿ ಕಲಿಯೂದು ಅರ್ಧಕ್ಕ ಬಿಡ್ತಾನ. ಮಕ್ಕಳನ್ನ ನೋಡಿ ತಾನ ಮನಸ್ಸು ಮಾಡಿ ಬರಲಿ. ತುಳಸಿ ಮುಟ್ಟಿ ಆಣೆ ಮಾಡು" ಎಂದರು. ನಾನು ಮುಟ್ಟಿದೆ. ಅವರು ನನ್ನ ಕೈ ಬಿಡದೆ, "ಆದರ ಲಗೂನ ಕರಕೊಂಡು ಬಾರವಾ. ಇನ್ನೂ ಒಂದಿಷ್ಟು ಬೆಳಕು ಅದ. ಅಷ್ಟರಾಗ ಒಮ್ಮೆ ಅವನ ಮಾರಿ ನೋಡಬೇಕು" ಎಂದರು.

ಹಡಗಿನ ಪ್ರಯಾಣದ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ, ಏಕೆಂದರೆ ಅರ್ಧ ದಾರಿ ನಾನು ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ಜೊತೆಗಿದ್ದ ಪಾರ್ಸಿ ಮುದುಕಿಯೊಬ್ಬರು ಮಕ್ಕಳನ್ನು ನೋಡಿಕೊಂಡರು. ಅವಲಕ್ಕಿ, ಚಟ್ನಿಪುಡಿ, ಥಾಲಿಪಟ್ಟಿನ ಹಿಟ್ಟು ತುಂಬಿದ ಟ್ರಂಕನ್ನು ನಾನು ಮಕ್ಕಳಿಗಿಂತ ಹೆಚ್ಚು ಜೋಪಾನ ಮಾಡಿದೆನೆಂದು ಆಕೆ ಆಮೇಲೆ ಹೇಳಿ ನಕ್ಕರು.

ಮಾರ್ಸೇಲ್ಸಿನ ಬಂದರಿನಲ್ಲಿ ಹಡಗು ನಿಂತಾಗ ಮಗ ಕಟಕಟೆ ಹಿಡಿದುಕೊಂಡು, "ಅವ್ವಾ, ಆ ಸಾಹೇಬ ಯಾಕ ನಮ್ಮ ಕಡೇನ ಕೈ ಬೀಸ್ಲಿಕ್ಕತ್ತಾನ?" ಎಂದ. ಕರಿಯ ಕೋಟು, ಟೈ, ಕಿವಿಯ ತನಕ ಇಳಿದ ಟೋಪಿ. ಮೀಸೆ ಇರಲಿಲ್ಲ. ನಾನೂ ಒಂದು ಗಳಿಗೆ ಯಾರೋ ಸಾಹೇಬನೆಂದೇ ತಿಳಿದೆ.

"ನಿಮ್ಮಪ್ಪ" ಎಂದೆ.

"ಅಪ್ಪ ಫೋಟೋದಾಗ ಹಿಂಗಿಲ್ಲ" ಎಂದು ಅವನು ನನ್ನ ಸೀರೆಯ ಹಿಂದೆ ಸೇರಿದ. ಮುಂದೆ ಹಲವು ದಿನ ಅವರನ್ನು ಸಾಹೇಬ ಎಂದೇ ಕರೆದ. ಅವರು ಎತ್ತಿಕೊಳ್ಳಲು ಬಂದರೆ ಮೈ ಸೆಟೆದು ಮರದ ತುಂಡಾಗುತ್ತಿದ್ದ. ಮೂರು ವರ್ಷ ಕಲಿತ ಫ್ರೆಂಚು ಆಗ ಅವರ ಉಪಯೋಗಕ್ಕೆ ಬರಲಿಲ್ಲ.

ಅವರು ಹಳೆಯ ಬಂದರಿನ ಹಿಂದಿನ ಗಲ್ಲಿಯಲ್ಲಿ, ನಾಲ್ಕನೆಯ ಮಾಳಿಗೆಯಲ್ಲಿ ಎರಡು ಕೋಣೆ ಹಿಡಿದಿದ್ದರು. ಗಲ್ಲಿಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಯಾರ ಒಳಬಟ್ಟೆ ಯಾರ ತಲೆಯ ಮೇಲೆ ಹನಿಯುತ್ತಿದೆ ಎಂದು ಯಾರೂ ನೋಡುತ್ತಿರಲಿಲ್ಲ. ನಾನು ಕೋಣೆಗೆ ಕಾಲಿಟ್ಟವಳೇ ಪೊಲೀಸಿನವಳಂತೆ ನಿಂತೆ. ಬಿಳಿಯ ಹೆಂಗಸು ಎಲ್ಲಾದರೂ ಒಂದು ಕೂದಲು, ಒಂದು ಪಿನ್ನು, ಒಂದು ವಾಸನೆ ಬಿಟ್ಟಿರಬೇಕಲ್ಲ. ವಾಸನೆ ಇತ್ತು. ಉಳ್ಳಾಗಡ್ಡಿಯದು. ಹಾಸಿಗೆ, ದಿಂಬು, ಪರದೆ, ಎಲ್ಲ ಉಳ್ಳಾಗಡ್ಡಿ ನಾರುತ್ತಿತ್ತು. ಈರುಳ್ಳಿ ಮನೆಯೊಳಗೆ ಬಾರದ ಕುಲದಲ್ಲಿ ಹುಟ್ಟಿದ ಮನುಷ್ಯ! ಕನ್ನಡಿಯ ಮುಂದೆ ಸಣ್ಣ ಸಣ್ಣ ಬಾಟಲಿಗಳ ಸಾಲು ಬೇರೆ. ಅತ್ತರು ಎಂದುಕೊಂಡು ಒಂದರ ಬಿರಡೆ ತೆಗೆದು ಮೂಸಿದೆ. ಕಣ್ಣಲ್ಲಿ ನೀರು ಬಂತು.

"ಇದೇನ್ರೀ?"

"ಔಷಧ. ಶೀತಕ್ಕ" ಎಂದರು, ಟೋಪಿ ತೆಗೆಯದೆ.

ಮನೆಯೊಳಗೂ ಟೋಪಿ. ಊಟಕ್ಕೂ ಟೋಪಿ. ಮಲಗುವಾಗ ಉಣ್ಣೆಯ ಕುಲಾವಿ. ಇಲ್ಲಿಯ ಚಳಿ ಮೊದಲು ತಲೆಗೆ ಹತ್ತುತ್ತದೆ ಎಂದು ಸಮಜಾಯಿಷಿ. ನಾನು ಮಕ್ಕಳಿಗೆ ಒಂದೇ ಅಂಗಿ ತೊಡಿಸಿ ಬಿಸಿಲಿಗೆ ಬಿಡುತ್ತಿದ್ದ ದಿನಗಳವು. ಬಿಳಿಯ ಹೆಂಗಸು ಸಿಕ್ಕಿದ್ದು ಮೂರನೆಯ ದಿನ. ಕೆಳಗಿನ ಮಾಳಿಗೆಯಲ್ಲಿದ್ದ ಮನೆಯೊಡತಿ. ಎಪ್ಪತ್ತು ದಾಟಿದವಳು, ಎದುರಿನ ಹಲ್ಲಿಲ್ಲ. ನನ್ನ ಮಗನನ್ನು ಕಂಡ ಕೂಡಲೇ ಎರಡು ಸಕ್ಕರೆ ತುಂಡು ಬಾಯಿಗಿಟ್ಟಳು. ಓಣಿಯ ಹೆಂಗಸರಿಗೆ ಇದನ್ನು ಹೇಗೆ ಹೇಳುವುದು ಎಂದು ನನಗೇ ಬೇಜಾರಾಯಿತು.

ಊರು ಮಕ್ಕಳಿಗೆ ಹಿಡಿಸಿತು. ನಾವು ಬೆಳಿಗ್ಗೆ ಟ್ರಂಕಿನ ಅವಲಕ್ಕಿ ತಿಂದು ಹೊರಟರೆ ಊಟದ ಹೊತ್ತಿಗೆ ಮರಳುತ್ತಿದ್ದೆವು. ಬಂದರಿನ ಬಾಯಿಗೆ ಎರಡು ಕಬ್ಬಿಣದ ಗೋಪುರ ನಿಲ್ಲಿಸಿ, ಮೇಲಿನಿಂದ ತೂಗುಹಾಕಿದ ತೊಟ್ಟಿಲಿನಲ್ಲಿ ಮಂದಿಯನ್ನೂ ಗಾಡಿಗಳನ್ನೂ ಆಚೆ ದಂಡೆಗೆ ಸಾಗಿಸುವ ಒಂದು ಸೇತುವೆ ಇತ್ತು. ಮಕ್ಕಳು ಅದರಲ್ಲಿ ಆಚೆಗೆ ಹೋಗಿ, ಆಚೆ ಏನೂ ಕೆಲಸವಿಲ್ಲದೆ, ಮತ್ತೆ ಈಚೆಗೆ ಬಂದು, ಮತ್ತೆ ಹೋಗೋಣ ಎನ್ನುತ್ತಿದ್ದರು. ಮೀನು ಮಾರುವ ಹೆಂಗಸರ ಸಾಲು ಬಂದಾಗ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡುತ್ತಿದ್ದೆ. ಮಗಳು ಮಾತ್ರ ನಿಂತು ನೋಡುತ್ತಿದ್ದಳು. ಅವರು ಜಗಳಾಡುವುದು ನಮ್ಮ ಮಂಡೈ ಹೆಂಗಸರ ಹಾಗೆಯೇ ಇದೆ, ಮಾತೊಂದು ಬೇರೆ ಎಂದು ಅವಳ ಅಭಿಪ್ರಾಯ. ಉದ್ದುದ್ದ ರೊಟ್ಟಿಯನ್ನು ಕಾಗದವನ್ನೂ ಸುತ್ತದೆ ಕಂಕುಳಲ್ಲಿ ಇರುಕಿಕೊಂಡು ಹೋಗುವ ಗಂಡಸರನ್ನು ಕಂಡು ನನಗೆ ಮೈ ಜುಮ್ಮೆಂದಿತು. ಮರುದಿನ ನನ್ನ ಗಂಡ ಅದೇ ರೊಟ್ಟಿಯನ್ನು ಹಾಗೆಯೇ ತಂದರು. ತಿಂದೆವು. ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಸಾಬೂನಿನ ಕಾರಖಾನೆಗೂ ಕರೆದುಕೊಂಡು ಹೋದರು. ಬಾವಿಯಷ್ಟು ದೊಡ್ಡ ಕಡಾಯಿಗಳು, ಒಳಗೆ ಬುಸುಗುಡುವ ಹಸಿರು ರಾಡಿ. ಕುದಿಸಿದ್ದನ್ನು ಒಂದು ಅಂಗಳದಷ್ಟು ನೆಲಕ್ಕೆ ಸುರಿದು ಆರಲು ಬಿಟ್ಟಿದ್ದರು. ಕೆಲಸಗಾರರು ಕಾಲಿಗೆ ಹಲಗೆ ಕಟ್ಟಿಕೊಂಡು ಅದರ ಮೇಲೆಯೇ ನಡೆದಾಡಿ ತುಂಡು ಕತ್ತರಿಸುತ್ತಿದ್ದರು. ಮಗ ಕೈ ಬಿಡಿಸಿಕೊಂಡು ಆ ನೆಲಕ್ಕೆ ಕಾಲಿಟ್ಟವನು ಆ ತುದಿಯವರೆಗೂ ಕೂತುಕೊಂಡೇ ಜಾರಿದ. ಎಲ್ಲರೂ ಕೆಲಸ ನಿಲ್ಲಿಸಿ ನಕ್ಕರು. ಅವನನ್ನು ಎತ್ತಿ ತಂದವರು ಅವನಪ್ಪ. ಆ ದಿನದಿಂದ ಅವನು ಅವರನ್ನು ಅಪ್ಪ ಎಂದ. ಕಾರಣ ಪ್ರೀತಿಯೋ, ಇನ್ನೊಮ್ಮೆ ಜಾರಲು ಬಿಡಲಿ ಎಂಬ ಆಸೆಯೋ, ನಾನು ಕೆದಕಲಿಲ್ಲ.

ಅಲ್ಲಿಂದ ಬಂದ ಮಧ್ಯಾಹ್ನ ಅವರು ಹೊರಗೆ ಹೋಗಿದ್ದಾಗ ಮೇಜಿನ ಖಾನೆಯಲ್ಲಿ ಕತ್ತರಿ ಹುಡುಕುತ್ತಿದ್ದೆ. ಕೆಂಪು ಮೊಹರು ಹಾಕಿದ, ಮೇಲೆ ಆ ಕಾರಖಾನೆಯ ಚಿತ್ರ ಅಚ್ಚಾದ ಒಂದು ದಪ್ಪ ಕಾಗದ ಸಿಕ್ಕಿತು. ನಡುವೆ ಅವರ ಹೆಸರು ಇದೆ ಎಂದು ಮಗಳು ಓದಿದಳು. ಹುಡುಗಿಯರ ಶಾಲೆಯಲ್ಲಿ ಅವಳಿಗೆ ಇಂಗ್ಲಿಷ್ ಅಕ್ಷರ ಕಲಿಸಿದ್ದರು. ಉಳಿದದ್ದು ಅವಳಿಗೂ ತಿಳಿಯಲಿಲ್ಲ. ಆದರೆ ಕೆಳಗೆ ತಾರೀಖು ಇತ್ತಲ್ಲ, ಅಂಕಿ ಎಲ್ಲ ಕಡೆಗೂ ಅಂಕಿಯೇ. ಅವರ ಕಲಿಕೆ ಮುಗಿದು ಪ್ರಮಾಣಪತ್ರ ಕೈಗೆ ಬಂದು ಒಂದೂವರೆ ವರ್ಷವಾಗಿತ್ತು! ನಾನು ಅದನ್ನು ಇದ್ದಲ್ಲಿಯೇ ಇಟ್ಟೆ. ಅಂದು ಅನ್ನ ಸೀದುಹೋಯಿತು.

ಮರುದಿನ ಗುಡ್ಡ ಹತ್ತಿದೆವು. ಊರ ನೆತ್ತಿಯ ಮೇಲೆ ಅವರ ದೇವಿಯ ಗುಡಿ, ಶಿಖರದ ಮೇಲೆ ಚಿನ್ನದ ಬಣ್ಣದ ಮೂರ್ತಿ, ಕೈಯಲ್ಲಿ ಕೂಸು. ಪುಣೆಯ ಪರ್ವತಿ ಗುಡ್ಡದ ಮೆಟ್ಟಿಲು ಹತ್ತಿ ಪಳಗಿದ ನನ್ನ ಮಕ್ಕಳು ಮುಂದೆ ಓಡಿದರು. ಮೇಲೆ ಗಾಳಿ ಎಂದರೆ ಗಾಳಿ. ಆ ಊರಿಗೆ ಉತ್ತರದಿಂದ ಬರುವ ಗಾಳಿಗೆ ಬೇರೆ ಹೆಸರೇ ಇದೆಯಂತೆ. ನಾನು ಸೀರೆ ಹಿಡಿದುಕೊಂಡು ನಿಂತು ಆ ಪ್ರಮಾಣಪತ್ರದ ಮಾತು ಎತ್ತಬೇಕು ಎನ್ನುವಷ್ಟರಲ್ಲಿ ಅವರ ಟೋಪಿ ಹಾರಿತು. ಮಗ ಕೇಕೆ ಹಾಕುತ್ತ ಅದರ ಹಿಂದೆ ಓಡಿದ. ಅವರು ಎರಡೂ ಕೈಗಳಿಂದ ನೆತ್ತಿ ಮುಚ್ಚಿಕೊಂಡರು. ಆದರೆ ನಾನು ನೋಡಿಬಿಟ್ಟಿದ್ದೆ. ಜುಟ್ಟು ಇರಲಿಲ್ಲ.

"ಕ್ರಿಸ್ತಾನರಾಗೀರೇನು?" ಎಂದು ಚೀರಿದೆ. ಗುಡಿಯಿಂದ ಹೊರಬರುತ್ತಿದ್ದ ಇಬ್ಬರು ಪಾದ್ರಿಗಳು ನಮ್ಮ ಕಡೆ ತಿರುಗಿ ನೋಡಿದರು.

"ಮೆಲ್ಲಗ! ಅಂಥಾದ್ದೇನೂ ಇಲ್ಲ. ಕೂಡು ಇಲ್ಲೆ" ಎಂದು ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. ಕೈ ತೆಗೆದರು. ಜುಟ್ಟು ಇರಬೇಕಾದ ಕಡೆ ಒಂದು ಕೂದಲೂ ಇಲ್ಲದೆ ನೆತ್ತಿ ನುಣ್ಣಗೆ ಹೊಳೆಯುತ್ತಿತ್ತು.

ಆಮೇಲೆ ಬಂತು ಕಥೆ. ಬಂದ ಹೊಸತರಲ್ಲಿ ಗಡ್ಡ ಬೋಳಿಸಿಕೊಳ್ಳಲು ಒಂದು ಅಂಗಡಿಗೆ ಹೋದರಂತೆ. ಕುರ್ಚಿ ಮೆತ್ತಗಿತ್ತು, ಬಿಸಿನೀರಿನ ಅರಿವೆ ಮುಖಕ್ಕೆ ಸುತ್ತಿದ್ದರು, ನಿದ್ದೆ ಹತ್ತಿತು. ಎದ್ದು ನೋಡಿದರೆ ಜುಟ್ಟು ನೆಲದ ಮೇಲೆ. ಇರಲಿ, ಒಂದು ವರ್ಷದಲ್ಲಿ ಮತ್ತೆ ಬೆಳೆಯುತ್ತದೆ ಎಂದು ಧೈರ್ಯ ತಂದುಕೊಂಡರು. ಕೂದಲು ಎಲ್ಲ ಕಡೆ ಬೆಳೆಯಿತು, ನೆತ್ತಿಯ ಮೇಲೆ ಮಾತ್ರ ಇದ್ದದ್ದೂ ಉದುರಿತು. ಕಲಿಕೆ ಮುಗಿಯಿತು, ಪ್ರಮಾಣಪತ್ರ ಬಂತು, ಜುಟ್ಟು ಬರಲಿಲ್ಲ. ಔಷಧದ ಅಂಗಡಿಯವರು ಕೊಟ್ಟ ನೀರೆಲ್ಲ ಹಚ್ಚಿದರು. ಮನೆಯೊಡತಿ ಉಳ್ಳಾಗಡ್ಡಿ ರಸ ತಿಕ್ಕಲು ಹೇಳಿದಳು, ತಿಕ್ಕಿದರು.

"ಊರಿಗೆ ಬಂದ್ರ ಪ್ರಾಯಶ್ಚಿತ್ತ. ನದೀ ದಂಡೀ ಮ್ಯಾಲೆ ಹಜಾಮ ಕೇಳ್ತಾನ, ಜುಟ್ಟು ಎಲ್ಲೆ ಬಿಡ್ಲೆಪ್ಪಾ ಅಂತ. ಏನು ಹೇಳ್ಲಿ? ಉದುರಿತು ಅಂದ್ರ ನಂಬ್ತಾರೇನು? ತಗಿಸ್ಯಾನ, ಧರ್ಮ ಬಿಟ್ಟಾನ ಅಂತಾರ. ಕಾಕಾ ಮಾರಿಗೆ ಹ್ಯಾಂಗ ಮಾರಿ ತೋರಿಸ್ಲಿ? ಅವ್ವಗ ಹ್ಯಾಂಗ ತೋರಿಸ್ಲಿ?" ಎಂದರು. ಮೂವತ್ತೆರಡು ವರ್ಷದ ಗಂಡಸು, ಮತ್ತೆ ಎರಡೂ ಕೈ ನೆತ್ತಿಯ ಮೇಲಿಟ್ಟು ಕೂತರು.

ನನಗೆ ನಗು ಬಂತು. ಎಷ್ಟು ನಕ್ಕೆನೆಂದರೆ ಮಕ್ಕಳು ಟೋಪಿ ಹಿಡಿದುಕೊಂಡು ಬಂದವರು ಹೆದರಿ ನಿಂತರು. ಮೂರು ವರ್ಷ ಓಣಿಯೆಲ್ಲ ಮಾತಾಡಿಕೊಂಡ ಬಿಳಿಯ ಹೆಂಗಸು ಕಡೆಗೆ ಒಂದು ಹಿಡಿ ಕೂದಲು! ನಕ್ಕು ಮುಗಿದ ಮೇಲೆ ಸಿಟ್ಟು ಬಂತು, ಅದು ನಗುವಿಗಿಂತ ಹೆಚ್ಚು ಹೊತ್ತು ನಿಂತಿತು.

"ಸರಿ. ನಾಡಿದ್ದು ಬೋಟು ಅದ. ನಮ್ಮ ಕೂಡ ಹೊಂಡ್ರಿ" ಎಂದೆ.

"ಹೊಸಾ ಔಷಧ ಒಂದು ಬಂದದ. ಇನ್ನ ಮೂರು ತಿಂಗಳು. ನೀವು ಮುಂದ ಹೋಗಿರ್ರಿ."

ಆಗ ನಾನು ಹೇಳಬಹುದಾಗಿತ್ತು. ಅತ್ತೆಯ ಕಣ್ಣು ಹೋಗುತ್ತಿದೆ ಎಂಬ ಒಂದು ಮಾತು ಸಾಕಾಗಿತ್ತು, ಅವರು ಬರಿಗಾಲಲ್ಲಿ ಹಡಗು ಹತ್ತುತ್ತಿದ್ದರು. ಹೇಳಲಿಲ್ಲ. ತುಳಸಿ ಮುಟ್ಟಿದ ಆಣೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆಣೆಯ ನೆನಪು ಆಗ ನನಗೆ ಬಹಳ ಅನುಕೂಲವಾಗಿತ್ತು. ಒಬ್ಬ ಹೆಂಡತಿ, ಇಬ್ಬರು ಮಕ್ಕಳು ಸಮುದ್ರ ದಾಟಿ ಬಂದು ಎದುರಿಗೆ ಕೂತಿದ್ದೇವೆ. ನಮಗಾಗಿ ಬರದ ಈ ಮನುಷ್ಯ ತಾಯಿಗಾಗಿ ಓಡಿಬಂದರೆ ನಾನು ಆ ಹಡಗಿನಲ್ಲಿ ಯಾವ ಮುಖ ಇಟ್ಟುಕೊಂಡು ಕೂರಲಿ? ನಮ್ಮನ್ನು ನೋಡಿ ಬರಲಿ, ನನಗಾಗಿ ಬರಲಿ ಎಂಬ ಹಟ. ಹೇಗೂ ಎರಡು ವಾರಕ್ಕೆ ಇನ್ನೊಂದು ಹಡಗು ಇತ್ತು. ನಮ್ಮ ಟಿಕೀಟು ಅದಕ್ಕೂ ನಡೆಯುತ್ತಿತ್ತು.

ನಾಡಿದ್ದಿನ ಹಡಗು ನಮ್ಮನ್ನು ಬಿಟ್ಟು ಹೋಯಿತು. ಮಕ್ಕಳು ದಂಡೆಯಲ್ಲಿ ನಿಂತು ಅದಕ್ಕೆ ಕೈ ಬೀಸಿದರು. ನಾನು ಮಾತು ಬಿಟ್ಟೆ. ಊಟಕ್ಕೆ ಬಡಿಸುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಮಾತಿಲ್ಲ. ಅವರು ಬಾಟಲಿ ತೆರೆದು ನೆತ್ತಿಗೆ ತಿಕ್ಕುವಾಗ ಕೋಣೆ ಬಿಟ್ಟು ಹೊರಗೆ ಹೋಗುತ್ತಿದ್ದೆ. ದಿನಕ್ಕೊಂದು ಸಲ ಅವರು ನನ್ನ ಮುಖ ನೋಡಿ ಏನೋ ಹೇಳಲು ಹೊರಟು ಮತ್ತೆ ಬಾಟಲಿಗೆ ಕೈ ಹಾಕುತ್ತಿದ್ದರು. ಇನ್ನು ಸ್ವಲ್ಪ ಬಿಗಿ ಹಿಡಿದರೆ ಬಗ್ಗುತ್ತಾರೆ ಎಂದುಕೊಂಡು ನಾನು ಹನ್ನೊಂದು ದಿನ ಬಿಗಿ ಹಿಡಿದೆ.

ಹನ್ನೆರಡನೆಯ ದಿನ ಅವರು ಆ ತೂಗುಸೇತುವೆಯ ಚಿತ್ರವಿದ್ದ ಒಂದು ಕಾರ್ಡು ತಂದು, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಜ್ಜಿಗೆ ಬರೆಯೋಣ ಎಂದರು. ಎರಡು ಸಾಲು ಬರೆದಿರಬೇಕು. ಮಗಳು ಬಗ್ಗಿ ನೋಡಿ, "ಇಷ್ಟು ಸಣ್ಣ ಬರದ್ರ ಹ್ಯಾಂಗಪ್ಪಾ? ಅಜ್ಜಿಗೆ ಕಾಣಸೂದಿಲ್ಲ. ದೊಡ್ಡದು ಬರೀರಿ. ದೊಡ್ಡದೂ ಇನ್ನ ಮ್ಯಾಲೆ ಕಾಣಸೂದಿಲ್ಲಂತ ಡಾಕ್ಟರ್ ಹೇಳ್ಯಾರ" ಎಂದಳು.

ಅವಳನ್ನು ಯಾರೂ ತುಳಸಿ ಮುಟ್ಟಿಸಿರಲಿಲ್ಲ.

ಅವರು ಲೇಖನಿ ಕೆಳಗಿಟ್ಟರು. ಮಗಳನ್ನು ಒಂದೊಂದೇ ಕೇಳಿದರು, ಅವಳು ತನಗೆ ಗೊತ್ತಿದ್ದನ್ನೆಲ್ಲ ಹೇಳಿದಳು. ಅಜ್ಜಿ ಈಗ ಅಕ್ಕಿ ಆರಿಸುವುದಿಲ್ಲ, ಬತ್ತಿ ಹೊಸೆಯುವುದು ಕೈಯಳತೆಯಲ್ಲಿ, ತನ್ನನ್ನು ದನಿ ಕೇಳಿದ ಮೇಲೆಯೇ ಗುರುತು ಹಿಡಿಯುತ್ತಾಳೆ ಎಂದು. ಅವರು ಎದ್ದು ನನ್ನ ಹತ್ತಿರ ಬಂದರು.

"ನಿನಗ ಗೊತ್ತಿತ್ತಲ್ಲ?"

"ಆಣೆ ಹಾಕಿಸಿದ್ರು" ಎಂದೆ. ಅದು ಸುಳ್ಳಲ್ಲ.

ಅವರು ಟೋಪಿ ಮರೆತು, ಬೋಳು ನೆತ್ತಿಯಲ್ಲೇ ನಾಲ್ಕು ಮಾಳಿಗೆ ಇಳಿದು ಹಡಗಿನ ಆಫೀಸಿಗೆ ಓಡಿದರು. ಮೂರು ವರ್ಷ ಹಿಡಿದುಕೊಂಡಿದ್ದ ಭಯಕ್ಕೆ ಮೆಟ್ಟಿಲಿಳಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಕಿಡಕಿಯಿಂದ ಅವರು ಗಲ್ಲಿ ದಾಟುವುದನ್ನು ನೋಡುತ್ತ ನನಗೆ ಸಂತೋಷವೂ ಆಯಿತು, ಹೊಟ್ಟೆಯುರಿಯೂ ಆಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ಇಂದಿಗೂ ಹೇಳಲಾರೆ.

ಹಡಗಿನಲ್ಲಿ ಅವರು ದಿನವೂ ಕಟಕಟೆಯ ಹತ್ತಿರ ನಿಂತಿರುತ್ತಿದ್ದರು, ತಾವು ನೋಡಿದರೆ ಹಡಗು ಬೇಗ ಹೋದೀತು ಎಂಬಂತೆ. ಮುಂಬಯಿಯಲ್ಲಿ ಇಳಿದು ಒಂದು ರುಮಾಲು ಕೊಂಡು ಸುತ್ತಿಕೊಂಡರು. ಪುಣೆಯ ಸ್ಟೇಶನ್ನಿಗೆ ಕಾಕಾ ಟಾಂಗಾ ತಂದಿದ್ದರು. ಅದು ಮನೆಯ ಕಡೆ ತಿರುಗಲಿಲ್ಲ. ಶುದ್ಧವಾಗದೆ ಹೊಸ್ತಿಲು ತುಳಿಯುವ ಹಾಗಿಲ್ಲ, ಮುಹೂರ್ತ ನಾಳೆ ಬೆಳಿಗ್ಗೆ, ಅಲ್ಲಿಯ ತನಕ ನದಿಯ ದಂಡೆಯ ಧರ್ಮಶಾಲೆಯಲ್ಲಿ ಇರಬೇಕು ಎಂದರು. "ಅವ್ವ ಹ್ಯಾಂಗಿದ್ದಾಳ?" ಎಂದು ಇವರು ಕೇಳಿದರೆ, "ಇದ್ದಾಳ. ನಾಳಿಗೆ ನೋಡೀಯಂತ" ಎಂದರು. ಮನೆ ಅಲ್ಲಿಂದ ನಡೆದರೆ ಹತ್ತು ನಿಮಿಷ.

ಮರುದಿನ ಬೆಳಿಗ್ಗೆ ಮುಠಾ ನದಿಯ ದಂಡೆಯಲ್ಲಿ ಹಜಾಮ ಕೂತಿದ್ದ, ಪುರೋಹಿತರು ಕೂತಿದ್ದರು, ನಮ್ಮವರು ಹತ್ತಿಪ್ಪತ್ತು ಮಂದಿ ನೆರೆದಿದ್ದರು. ನನ್ನ ಗಂಡ ರುಮಾಲು ತೆಗೆದರು. ಹಜಾಮ ನೆತ್ತಿ ನೋಡಿ, ಕಾಕಾ ಅವರ ಮುಖ ನೋಡಿ, ಮರಾಠಿಯಲ್ಲಿ, "ಜುಟ್ಟು ಎಲ್ಲಿ ಬಿಡಲಿ?" ಎಂದ. ನಾನು ದೂರದಲ್ಲಿ ಮಕ್ಕಳನ್ನು ಹಿಡಿದುಕೊಂಡು ನಿಂತಿದ್ದೆ.

ಕಾಕಾ ಬಗ್ಗಿ ನೋಡಿದರು. "ಅಯ್ಯ, ಇವಗೂ ಹತ್ತಿತೇನು ಇದು? ನಮ್ಮಣ್ಣಗೂ ಮೂವತ್ತಕ್ಕ ಹಿಂಗ ಆಗಿತ್ತು" ಎಂದರು.

ಪುರೋಹಿತರು ತಲೆಯೆತ್ತಲೂ ಇಲ್ಲ. "ಕೂದಲಿಲ್ಲದವ್ರಿಗೆ ಶಾಸ್ತ್ರದಾಗ ವ್ಯವಸ್ಥಾ ಅದ. ದರ್ಭೆ ಜುಟ್ಟು ಮಾಡಿ ಬಲಗಿವಿಗೆ ಇಟ್ಕೋಬೇಕು. ನಿಮ್ಮಪ್ಪಗೂ ನಾನ ಇಡ್ತಿದ್ದೆ" ಎಂದು ಚಾಪೆಯಿಂದ ಎರಡು ಎಳೆ ದರ್ಭೆ ಕಿತ್ತು, ಗಂಟು ಹಾಕಿ, ಅವರ ಕಿವಿಗೆ ಸಿಕ್ಕಿಸಿದರು. ನಮ್ಮ ಮೂರು ವರ್ಷ ಆ ಎರಡು ಎಳೆ ಹುಲ್ಲಿನಲ್ಲಿ ಮುಗಿಯಿತು. ಆಮೇಲೆ ಪಂಚಗವ್ಯ ಬಂತು. ಮಾರ್ಸೇಲ್ಸಿನಲ್ಲಿ ಏನು ಕೊಟ್ಟರೂ ನುಂಗುತ್ತಿದ್ದ ಮಗ ಅದನ್ನು ಪುರೋಹಿತರ ಧೋತರದ ಮೇಲೆ ಉಗುಳಿದ.

ಮನೆಯ ಹೊಸ್ತಿಲು ದಾಟಿದಾಗ ಅತ್ತೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ತೊಳೆದ ಸೀರೆ ಉಟ್ಟು, ಬಾಗಿಲ ಕಡೆಗೆ ಮುಖ ಮಾಡಿದ್ದರು. ನನ್ನ ಗಂಡ ಕಾಲಿಗೆ ಬಿದ್ದರು. ಅತ್ತೆಯ ಕೈ ಗಾಳಿಯಲ್ಲಿ ಒಂದೆರಡು ಸಲ ತಡಕಾಡಿ ಅವರ ತಲೆ ಮುಟ್ಟಿತು. ನೆತ್ತಿಯ ಮೇಲಿಂದ ಹಣೆಗೆ, ಮೂಗಿಗೆ, ಬೋಳಿಸಿದ ಮೇಲ್ದುಟಿಗೆ ಇಳಿಯಿತು.

"ಮೀಸಿ ತಗಿಸೀಯೇನೋ? ಗಲ್ಲಾ ಬತ್ತ್ಯಾವ.. ಕರ್ರಗಾಗೀಯೋ ಬೆಳ್ಳಗಾಗೀಯೋ ತಮ್ಮಾ?"

ಅವರು ತಾಯಿಯ ತೊಡೆಯ ಮೇಲೆ ಮುಖವಿಟ್ಟು ಅತ್ತರು. ಅತ್ತೆ ಬೆನ್ನು ಸವರುತ್ತ, ಮಗನನ್ನು ಸಮಾಧಾನ ಮಾಡಲೆಂದೇ ಹೇಳಿದರು, "ಅಳಬ್ಯಾಡೋ. ನೀ ಬಂದಿ, ಸಾಕು. ಹೋದ ಸೋಮವಾರದ ತನಾ ಹತ್ರ ಬಂದವರ ಮಾರಿ ತಿಳೀತಿತ್ತು. ಈಗ ಕಿಡಕಿ ಎಲ್ಲೆದ ಅಂತ ಅಷ್ಟ ತಿಳೀತದ."

ಹೋದ ಸೋಮವಾರ ಎಂದರೆ ಎಂಟು ದಿನ. ಕಾಕಾ, ಪುರೋಹಿತರು, ಬಾಗಿಲಲ್ಲಿ ನಿಂತಿದ್ದ ಓಣಿಯ ಹೆಂಗಸರು, ಎಲ್ಲರೂ ಮೂರು ವರ್ಷ ತಡ ಮಾಡಿದ ಮಗನ ಕಡೆಗೇ ನೋಡಿದರು. ನನ್ನ ಕಡೆ ಯಾರೂ ನೋಡಲಿಲ್ಲ. ನಮ್ಮದಕ್ಕಿಂತ ಎರಡು ವಾರ ಮೊದಲು ಮಾರ್ಸೇಲ್ಸಿನಿಂದ ಹೊರಟ, ನಾವು ಹತ್ತದ ಹಡಗಿನ ಮಾತು ಆ ಮನೆಯ ದೊಡ್ಡವರಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನನ್ನ ಗಂಡ ಬದುಕಿರುವ ತನಕ ಅದನ್ನು ಒಮ್ಮೆಯೂ ಎತ್ತಲಿಲ್ಲ.